ಒಂದೂ ಮೊಳೆಯಿಲ್ಲದ ಡ್ರಾಯರ್

ತೂಕದ ಸಾಹೇಬರಿಗೆ ಆ ಹೆಸರು ಬಂದದ್ದು ಮೈತೂಕದಿಂದಲ್ಲ. ಮೈಯಲ್ಲಿ ಅವರು ಹಗ್ಗಕ್ಕೆ ಒಣಹಾಕಿದ ಟವಲಿನಷ್ಟೇ. ಕೆಲಸದಲ್ಲಿದ್ದಷ್ಟು ಕಾಲ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಬೊಟ್ಟು, ಅಳತೆಪಟ್ಟಿ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತಿದವರು. ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಅಂಗಡಿಯವರೆಲ್ಲ ತಕ್ಕಡಿಯ ತಟ್ಟೆಯನ್ನು ಮತ್ತೊಮ್ಮೆ ಒರೆಸಿಡುತ್ತಿದ್ದರು. ನಿವೃತ್ತರಾದ ಮೇಲೂ ಆ ಗತ್ತು ಹೋಗಿರಲಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬಿ ಎತ್ತಿದರೂ ಒಮ್ಮೆ ಕೈಯಲ್ಲೇ ತೂಗಿ ನೋಡಿ ಕೆಳಗಿಡುವರು.

ಅವರ ಬದುಕಿನ ತತ್ವ ಒಂದೇ. ತೆಗೆದರೆ ಕಮ್ಮಿಯಾಗುತ್ತದೆ, ಹಾಕಿದರೆ ಜಾಸ್ತಿಯಾಗುತ್ತದೆ. ಈ ತತ್ವ ಯಾವ ತಕ್ಕಡಿಯ ಮುಂದೆಯೂ ಅವರ ಕೈಬಿಟ್ಟಿರಲಿಲ್ಲ. ಅದು ಕೈಕೊಟ್ಟದ್ದು ಒಂದು ಡ್ರಾಯರಿನ ಮುಂದೆ.

ಡ್ರಾಯರ್ ಹೆಂಡತಿಯದು. ಕಟ್ಟಡದವರೆಲ್ಲ ಆಕೆಯನ್ನು ಟೈಲರಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮೇಜಿಗೆ ಒಂದೇ ಒಂದು ಡ್ರಾಯರ್. ಕತ್ತರಿ, ದಾರದುಂಡೆ, ಸೀಮೆಸುಣ್ಣ, ಗುಂಡಿಗಳು, ಸೂಜಿಡಬ್ಬಿ, ಎಲ್ಲಕ್ಕೂ ಅದೇ ಮನೆ. ಒಂದು ಭಾನುವಾರ ಆಕೆ ಅದನ್ನು ಎಳೆದಾಗ ಮುಂದಿನ ಹಲಗೆ ಮಾತ್ರ ಕೈಗೆ ಬಂತು. ಮೊಳೆಗಳು ತುಕ್ಕು ಹಿಡಿದು ಎಂದೋ ಕೆಲಸ ಬಿಟ್ಟಿದ್ದವು. ಉಳಿದದ್ದೆಲ್ಲ ನೆಲಕ್ಕೆ ಸುರಿದು, ಗುಂಡಿಗಳು ಕೋಣೆಯ ನಾಲ್ಕು ದಿಕ್ಕಿಗೂ ಓಡಿದವು.

ಆ ಹೊತ್ತಿಗೆ ಕೋಣೆಯಲ್ಲಿ ಇನ್ನಿಬ್ಬರಿದ್ದರು. ರವಿಕೆಯ ಅಳತೆ ಕೊಡಲು ಬಂದಿದ್ದ ಕೆಳಮನೆಯ ಟೀಚರ್ ಒಬ್ಬರು. ಅವರು ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಮೊಣಕಾಲೂರಿ ಕುಳಿತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಆರಿಸತೊಡಗಿದರು. ಇನ್ನೊಬ್ಬರು ಟೈಲರಮ್ಮನ ಅಣ್ಣ, ಅಂದರೆ ಸಾಹೇಬರ ಭಾವ. ಪೇಟೆಯಲ್ಲಿ ದೊಡ್ಡ ಪೀಠೋಪಕರಣದ ಅಂಗಡಿ ಇಟ್ಟಿದ್ದವರು, ಆಳೂ ಅಂಗಡಿಯಷ್ಟೇ ದೊಡ್ಡವರು. ಅವರು ಬಗ್ಗಲಿಲ್ಲ. ಬಗ್ಗಿದರೆ ಏಳುವುದು ಕಷ್ಟ.

"ಒಂದು ಡ್ರಾಯರ್ ತಾನೇ, ಸಾಹೇಬರೇ," ಎಂದರು ಭಾವ, "ನಾಳೆ ಅಂಗಡಿಯಿಂದ ಕಳಿಸ್ತೀನಿ. ನಾಲ್ಕು ಮೊಳೆ ಹೊಡೆದರೆ ನಿಮ್ಮ ಕಾಲಕ್ಕೆ ಸಾಕು."

ಸಾಕು ಎಂಬ ಮಾತು ಸಾಹೇಬರಿಗೆ ಎಲ್ಲೋ ತಾಗಿತು. "ಮೊಳೆ ಹೊಡೆದದ್ದಕ್ಕೇ ಅದು ಬಿದ್ದದ್ದು," ಎಂದರು. "ಇನ್ನು ಈ ಮೇಜಿಗೆ ಮೊಳೆ ತಾಗಲ್ಲ. ಮೊಳೆ ಇಲ್ಲ, ಅಂಟೂ ಇಲ್ಲ. ಡ್ರಾಯರ್ ನಾನು ಮಾಡ್ತೀನಿ."

ಮೇಜಿನ ಕೆಳಗೆ ಗುಂಡಿ ಹುಡುಕುತ್ತಿದ್ದ ಟೈಲರಮ್ಮ ತಲೆ ಹೊರಗೆ ಹಾಕಿ ಗಂಡನ ಮುಖ ನೋಡಿದರು, ಮತ್ತೆ ಒಳಗೆ ಹೋದರು.

ಭಾವ ಇಂಥದೊಂದು ಗಳಿಗೆಗೆ ಕಾದಿದ್ದರೆಂದೇ ಹೇಳಬೇಕು. ಸಾಹೇಬರು ನಿವೃತ್ತರಾದಂದಿನಿಂದ ಅವರನ್ನು ತಮ್ಮ ಅಂಗಡಿಯ ಕೌಂಟರಿನಲ್ಲಿ ಕೂರಿಸಬೇಕೆಂದು ಅವರಿಗೆ ಒಂದೇ ಹಠ. ಮುಖ ನೋಡಿದರೆ ಗಿರಾಕಿ ಮೋಸ ಮಾಡಲು ಹೆದರಬೇಕು, ಅಂಥ ಮುಖ ಎಲ್ಲಿ ಸಿಗುತ್ತದೆ ಎಂಬುದು ಅವರ ವಾದ. ಅಂಗಡಿಯ ಹೆಸರು ಹೊಲಿದ ಅಂಗಿ ತೊಟ್ಟು, ಬಂದವರಿಗೆಲ್ಲ ಬನ್ನಿ ಬನ್ನಿ ಎಂದು ಹಲ್ಲು ಕಿರಿಯುತ್ತಾ ಭಾವನ ಕೈಕೆಳಗೆ ಕೂರುವುದು ಸಾಹೇಬರಿಗೆ ಜೈಲಿಗಿಂತ ಕಡೆ.

ಪಂದ್ಯ ಅಲ್ಲೇ ಗಟ್ಟಿಯಾಯಿತು. ಮುಂದಿನ ತಿಂಗಳ ಮೊದಲ ಭಾನುವಾರ ಭಾವ ಬರುವುದು, ಡ್ರಾಯರಿನ ಮೂಲೆಗಳನ್ನು ಹಿಡಿದು ಎಳೆಯುವುದು. ಒಂದೇ ಒಂದು ಮೂಲೆ ಬಿಟ್ಟುಕೊಂಡರೂ ಮಾರನೆಯ ದಿನದಿಂದ ಸಾಹೇಬರು ಕೌಂಟರಿನಲ್ಲಿ. ಬಿಟ್ಟುಕೊಳ್ಳದಿದ್ದರೆ ಭಾವ ಆ ಮಾತನ್ನು ಈ ಜನ್ಮದಲ್ಲಿ ಎತ್ತುವಂತಿಲ್ಲ. ಟೀಚರ್ ಸಾಕ್ಷಿ. ಅವರು ನೆಲದ ಮೇಲಿಂದಲೇ ತಲೆಯಾಡಿಸಿದರು, ಕೈತುಂಬ ಗುಂಡಿ ಹಿಡಿದುಕೊಂಡು.

ಸಾಹೇಬರ ಧೈರ್ಯಕ್ಕೆ ಕಾರಣವಿಲ್ಲದಿರಲಿಲ್ಲ. ಬೀಳ್ಕೊಡುಗೆಗೆ ಕಚೇರಿಯವರು ಗೋಡೆ ಗಡಿಯಾರ ಕೊಡಲು ಹೊರಟಾಗ, ಇನ್ನು ಹೊತ್ತು ನೋಡಿ ನನಗೇನಾಗಬೇಕು ಎಂದು ಹೇಳಿ ಮರ ಕೊರೆಯುವ ಒಂದು ರೂಟರ್ ಯಂತ್ರವನ್ನೂ ಅದರ ಜಿಗ್ಗನ್ನೂ ಕೇಳಿ ಪಡೆದಿದ್ದರು. ಅವು ಹಿಂದಿನ ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಮಲಗಿದ್ದವು. ಜೊತೆಗೆ ಬಂದ ಸೂಚನೆಗಳ ಕಾಗದ ಮಾತ್ರ ಅಂದೇ ಕೆಲಸಕ್ಕೆ ಹತ್ತಿತ್ತು. ಬಾಲ್ಕನಿಯ ಮೇಜು ಅಲ್ಲಾಡದಂತೆ ಅದನ್ನು ಮಡಚಿ ಕಾಲಿನ ಕೆಳಗೆ ಇಡಲಾಗಿತ್ತು.

ಮೊಳೆ, ಅಂಟು ಬೇಡದ ಡವ್‌ಟೇಲ್ ಎಂಬ ಜೋಡಣೆ ನೋಡಲು ಚೆಂದ. ಒಂದು ಹಲಗೆಯ ಅಂಚಿನಲ್ಲಿ ಪಾರಿವಾಳದ ಬಾಲದ ಹಾಗೆ ತುದಿಗೆ ಹರಡಿಕೊಂಡ ಹಲ್ಲುಗಳು, ಇನ್ನೊಂದು ಹಲಗೆಯಲ್ಲಿ ಅವು ಕೂರಲು ಅದೇ ಆಕಾರದ ಗುಳಿಗಳು. ಕೂಡಿಸಿ ತಟ್ಟಿದರೆ ಒಂದನ್ನೊಂದು ಕಚ್ಚಿಕೊಂಡು, ಎಳೆದರೂ ಬರಬಾರದು. ಜಿಗ್ ಎಂಬುದು ಎರಡು ಹಲಗೆಗಳನ್ನೂ ಅವುಚಿ ಹಿಡಿಯುವ ಕಬ್ಬಿಣದ ಚೌಕಟ್ಟು. ಅದರ ಮೇಲೊಂದು ದೊಡ್ಡ ಬಾಚಣಿಗೆ. ಬಾಚಣಿಗೆಯ ಸಂದುಗಳಲ್ಲಿ ರೂಟರ್ ಓಡಿಸಿದರೆ, ಅದರ ಮೂತಿಯಲ್ಲಿ ತಿರುಗುವ, ಬಿಟ್ಟು ಎಂಬ ಉಕ್ಕಿನ ಮೊನೆ ಎರಡು ಹಲಗೆಗಳನ್ನೂ ಒಟ್ಟಿಗೇ ಕೊರೆಯುತ್ತದೆ. ಬಿಟ್ಟು ಎಷ್ಟು ಆಳಕ್ಕೆ ಇಳಿಯಬೇಕು ಎನ್ನುವುದಕ್ಕೆ ಪಕ್ಕದಲ್ಲೊಂದು ತಿರುಪು. ಸಾಹೇಬರ ಮುಂದಿನ ಕಷ್ಟಗಳೆಲ್ಲ ಆ ತಿರುಪಿನಲ್ಲಿದ್ದವು.

ಮೊದಲ ಮೂಲೆ ಕೊರೆದು ಕೂಡಿಸಿದಾಗ ಅದು ಕೂತಿತು. ಕೂತದ್ದಷ್ಟೇ ಅಲ್ಲ, ಎದ್ದಿತು, ಮತ್ತೆ ಕೂತಿತು. ಎತ್ತಿ ಹಿಡಿದರೆ ಒಂದು ಹಲಗೆ ಇನ್ನೊಂದಕ್ಕೆ ಕೈಬೀಸಿ ಹೊರಟೇ ಹೋಯಿತು. ಟೈಲರಮ್ಮ ಬಂದು ಅದನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ, "ಚೆನ್ನಾಗಿದೆ ರೀ, ಸ್ವಲ್ಪ ಗಾಳಿಯಾಡುತ್ತೆ ಅಷ್ಟೇ," ಎಂದರು.

ಸಾಹೇಬರು ಕುಳಿತು ಯೋಚಿಸಿದರು. ಸಡಿಲವಾಗಿದೆ ಎಂದರೆ ಮರ ಜಾಸ್ತಿ ಹೋಗಿದೆ. ಮರ ಜಾಸ್ತಿ ಹೋಗಿದೆ ಎಂದರೆ ಕೊರೆದದ್ದು ಜಾಸ್ತಿಯಾಯಿತು. ಹಾಗಾದರೆ ಕಮ್ಮಿ ಕೊರೆಯಬೇಕು. ಇದರಲ್ಲಿ ತಪ್ಪು ಹುಡುಕಲು ಯಾವ ಕೋರ್ಟಿಗೂ ಸಾಧ್ಯವಿರಲಿಲ್ಲ. ಅವರು ತಿರುಪನ್ನು ತಿರುಗಿಸಿ ಬಿಟ್ಟನ್ನು ಸ್ವಲ್ಪ ಮೇಲಕ್ಕೆತ್ತಿ ಇನ್ನೊಂದು ಮೂಲೆ ಕೊರೆದರು. ಅದು ಮೊದಲಿನದಕ್ಕಿಂತ ಸಡಿಲವಾಯಿತು.

ಮರ ತನ್ನನ್ನು ಅಣಕಿಸುತ್ತಿದೆ ಎಂದು ಅವರಿಗೆ ಅನ್ನಿಸಿತು. ಕಳ್ಳ ತಕ್ಕಡಿಗಳನ್ನು ಹಿಡಿದ ಕಣ್ಣಿನಿಂದ ಅದನ್ನು ದುರುಗುಟ್ಟಿ ನೋಡಿ, ಬಿಟ್ಟನ್ನು ಇನ್ನೂ ಮೇಲಕ್ಕೆತ್ತಿದರು. ಮೂರನೆಯ ಮೂಲೆ ಕೈಗೆತ್ತಿಕೊಳ್ಳುವ ಮೊದಲೇ ಬಿಚ್ಚಿಕೊಂಡಿತು.

ಅಂದಿನಿಂದ ಕೊಯ್ದು ಚಿಕ್ಕದು ಮಾಡಿದ ಒಂದು ಮೂಲೆ ಸದಾ ಅವರ ಅಂಗಿಯ ಜೇಬಿನಲ್ಲಿ. ಸಿಕ್ಕವರಿಗೆಲ್ಲ ತೋರಿಸಿ ಕೇಳುವರು. ಸಲಹೆಗೆ ಬರವಿರಲಿಲ್ಲ. ಕ್ಷೌರಿಕ ಅದನ್ನು ಕನ್ನಡಿಯ ಮುಂದೆ ಹಿಡಿದು ನೋಡಿ, ಕಮ್ಮಿ ಕತ್ತರಿಸಿದರೆ ಮತ್ತೆ ಕತ್ತರಿಸಬಹುದು, ಜಾಸ್ತಿ ಕತ್ತರಿಸಿದರೆ ಟೋಪಿಯೇ ಗತಿ ಎಂದ. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಸದ್ದಿನ ಬಗ್ಗೆ ದೂರು ಹಿಡಿದು ಮೇಲೆ ಬಂದವರು, ದೂರು ಮರೆತು ಬಾಲ್ಕನಿಯಲ್ಲೇ ನಿಂತು, ಖರ್ಚಾಗಲಿ ಕೊರೆತವಾಗಲಿ, ಕಡಿಮೆ ಮಾಡುವುದೊಂದೇ ದಾರಿ ಎಂದು ಭಾಷಣ ಮಾಡಿ ಇಳಿದರು. ಕೆಳಮನೆಯ ಟೀಚರ್ ಸದ್ದಾದಾಗಲೆಲ್ಲ ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದರು. ಆದರೆ ಪಂದ್ಯದ ಸಾಕ್ಷಿಯಾದ್ದರಿಂದ ಎರಡು ಸಲಕ್ಕಿಂತ ಹೆಚ್ಚು ಕುಟ್ಟುತ್ತಿರಲಿಲ್ಲ. ಅವರದೂ ಅದೇ ಅಭಿಪ್ರಾಯ. ಹೀಗೆ ಇಡೀ ಕಟ್ಟಡ ಒಂದೇ ಮಾತು ಹೇಳಿತು, ಕಮ್ಮಿ ಕೊರೆಯಿರಿ. ಸಾಹೇಬರು ಕಮ್ಮಿ ಕೊರೆದರು. ಬಿಟ್ಟು ಮೇಲೇರಿತು, ಮೂಲೆಗಳು ಇನ್ನಷ್ಟು ಸಡಿಲವಾದವು.

ಟೈಲರಮ್ಮ ಹೀಗೆ ಮೂಲೆ ಬಿಚ್ಚಿಕೊಂಡು ಬಿದ್ದ ಪೆಟ್ಟಿಗೆಗಳನ್ನೆಲ್ಲ ಎತ್ತಿಕೊಂಡು ಹೋಗಿ, ಸುತ್ತ ಒಂದು ಎಲಾಸ್ಟಿಕ್ ಹಾಕಿ ಬಿಗಿದು, ಒಂದರಲ್ಲಿ ಈರುಳ್ಳಿ, ಒಂದರಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪು, ಒಂದರಲ್ಲಿ ಗಂಡನ ಮಾತ್ರೆಗಳನ್ನಿಟ್ಟರು. ಮನೆಯಲ್ಲಿ ಪೆಟ್ಟಿಗೆಯಿಲ್ಲದ ಮೂಲೆಯಿಲ್ಲದಂತಾಯಿತು. ಹೊಲಿಗೆಯ ಮೇಜಿಗೆ ಮಾತ್ರ ಡ್ರಾಯರ್ ಇರಲಿಲ್ಲ. ಕತ್ತರಿ ಬೇಕಾದಾಗ ಆಕೆ ಕಿಟಕಿಗೆ ಕಟ್ಟಿದ ಚೀಲಕ್ಕೆ ಕೈಹಾಕುವರು, ಒಂದೆರಡು ಸಲ ಸೂಜಿ ಚುಚ್ಚಿಸಿಕೊಂಡು ಬೆರಳನ್ನು ಬಾಯಿಗಿಟ್ಟು, ಗಂಡ ನೋಡಲಿಲ್ಲವೆಂದು ಖಚಿತ ಮಾಡಿಕೊಂಡು ಮುಂದುವರಿಯುವರು. ಗಂಡ ನೋಡಿದ್ದರು.

ಅದೇ ವಾರ ಸಾಹೇಬರು ಹಲ್ಲಿನಲ್ಲಿ ಒಂದು ತಿರುಪು ಕಚ್ಚಿ ಹಿಡಿದಿದ್ದಾಗ, ಹಿಂದೆಂದೋ ತುಂಬಿಸಿದ್ದ ದವಡೆ ಹಲ್ಲಿನ ಸಿಮೆಂಟು ಕಳಚಿ ಬಿತ್ತು. ಅವರನ್ನು ಹೆಂಡತಿಯೇ ಹಲ್ಲಿನ ಡಾಕ್ಟರಮ್ಮನ ಹತ್ತಿರ ಅಟ್ಟಿದರು. ಡಾಕ್ಟರಮ್ಮ ಮಗಳ ವಯಸ್ಸಿನವರು, ಮೆಲುಮಾತಿನವರು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದಾಗ ಸಾಹೇಬರ ಜೇಬಿನಿಂದ ಮರದ ಮೂಲೆ ಜಾರಿ ಎದೆಯ ಮೇಲೆ ಬಂದು ನಿಂತಿತು. ಅಷ್ಟರಲ್ಲಿ ಬಾಯಿಗೆ ಹತ್ತಿ ತುರುಕಿಯಾಗಿತ್ತು.

ಡಾಕ್ಟರಮ್ಮ ಅದನ್ನು ಕೈಗೆತ್ತಿಕೊಂಡರು. ಬಿಚ್ಚಿದರು, ಕೂಡಿಸಿದರು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಗುಳಿಯೊಳಗೆ ಹಿಡಿದು ನೋಡಿದರು. ಒಂದು ಮರದ ತುಂಡಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟದ್ದನ್ನು ಸಾಹೇಬರು ನೋಡಿರಲಿಲ್ಲ.

"ಇದನ್ನ ಕೊರೆದ ಬಿಟ್ಟು ತುದಿಯಲ್ಲಿ ಅಗಲ, ಕತ್ತಿನಲ್ಲಿ ಸಣ್ಣ, ಅಲ್ವಾ ಅಂಕಲ್?" ಎಂದು ಕೇಳಿದರು.

ಸಾಹೇಬರು "ಆ" ಎಂದರು. ಬೇರೆ ಏನನ್ನೂ ಅನ್ನುವಂತಿರಲಿಲ್ಲ.

"ಹಾಗಾದ್ರೆ ಇನ್ನೂ ಆಳ ಇಳಿಸಿ. ಅಗಲವಾದ ತುದಿ ಒಳಗೆ ಹೋಗುತ್ತೆ, ಮೇಲ್ಮೈಯಲ್ಲಿ ಸಣ್ಣ ಕತ್ತು ಮಾತ್ರ ಉಳಿಯುತ್ತೆ. ಗುಳಿಯ ಬಾಯಿ ಕಿರಿದಾಗುತ್ತೆ, ಪಕ್ಕದ ಹಲ್ಲು ದಪ್ಪ ಉಳಿಯುತ್ತೆ. ಬಿಗಿಯಾಗಿ ಕೂರುತ್ತೆ. ನಿಮ್ಮ ಹಲ್ಲಿಗೂ ಈಗ ಅದನ್ನೇ ಮಾಡ್ತಿರೋದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಮಾಡಿದ್ರೆ ತುಂಬಿದ್ದು ಈಚೆ ಬರಲ್ಲ."

ಸಾಹೇಬರು ಪ್ರಬಲವಾಗಿ ವಿರೋಧಿಸಿದರು. ಹೊರಗೆ ಬಂದದ್ದು "ಆ, ಆ, ಆ" ಎಂದಷ್ಟೇ. ಡಾಕ್ಟರಮ್ಮ ಅದನ್ನು ಒಪ್ಪಿಗೆಯೆಂದು ತಿಳಿದು, ಸಂತೋಷಪಟ್ಟು, ಯಂತ್ರವನ್ನು ಚಾಲೂ ಮಾಡಿದರು. ಹೊರಡುವಾಗ ಮೂಲೆಯನ್ನು ಒರೆಸಿ, ಶುಭ್ರವಾದ ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟರು.

ದಾರಿಯುದ್ದಕ್ಕೂ ಸಾಹೇಬರ ಮರಗಟ್ಟಿದ ದವಡೆಯೊಳಗೆ ಮಾತು ಕುದಿಯಿತು. ಸಡಿಲವಾದದ್ದನ್ನು ಬಿಗಿ ಮಾಡಲು ಇನ್ನಷ್ಟು ಕೊರೆಯಬೇಕಂತೆ. ಕೊರೆಯುವುದೇ ಕಸುಬಾದವರಿಗೆ ಬೇರೇನು ತೋಚೀತು? ತಕ್ಕಡಿಯಿಂದ ಬೊಟ್ಟು ತೆಗೆದರೆ ತೂಕ ಹೆಚ್ಚುತ್ತದೆ ಎಂದು ಯಾವನಾದರೂ ಅಂಗಡಿಯವನು ಹೇಳಿದ್ದರೆ ಅವನ ಬಾಗಿಲಿಗೆ ಅಂದೇ ಬೀಗ ಬೀಳುತ್ತಿತ್ತು. ಮನೆಗೆ ಬಂದವರೇ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಅರ್ಧ ತುಟಿಯಲ್ಲಿ ಒಪ್ಪಿಸಿದ್ದರಿಂದ ಆಕೆಗೆ ಅರ್ಥವಾದದ್ದು ಡಾಕ್ಟರಮ್ಮ ತುಂಬಾ ಒಳ್ಳೆಯವಳು ಎಂದಷ್ಟೇ.

ಭಾವ ಸುಮ್ಮನಿರುವವರಲ್ಲ. ನಡುವೆ ಒಮ್ಮೆ ಬಂದು, ಒಂದು ಮೂಲೆಯನ್ನು ಕಿವಿಯ ಹತ್ತಿರ ಹಿಡಿದು ಗಿಲಕಿಯ ಹಾಗೆ ಆಡಿಸಿ, ಕೂಸಿರುವ ಮನೆಗೆ ಒಳ್ಳೆಯ ಉಡುಗೊರೆ ಎಂದು ಹೋದರು. ಅದಾದ ಮೇಲೆ ನೆಂಟರಿಷ್ಟರ ಫೋನುಗಳು. ಚಿಕ್ಕಮ್ಮನೊಬ್ಬಳು ಕೌಂಟರಿನ ಕೆಲಸಕ್ಕೆ ಮೊದಲೇ ಅಭಿನಂದನೆ ಹೇಳಿದಳು. ಫ್ಯಾನಿನ ಕೆಳಗೇ ಜಾಗವಂತೆ, ಕುರ್ಚಿಗೆ ದಿಂಬೂ ಬಂದಿದೆಯಂತೆ, ಪುಣ್ಯವಂತ ಎಂದಳು.

ಆದರೆ ಸಾಹೇಬರ ಸಹನೆಯ ಕಟ್ಟೆ ಒಡೆದದ್ದು ಗೊತ್ತುಮಾಡಿದ ಭಾನುವಾರದ ಹಿಂದಿನ ದಿನ. ಅವರು ಮುಂದಿನ ಕೋಣೆಗೆ ಬಂದಾಗ ಹೊಲಿಗೆಯ ಯಂತ್ರದ ಮೇಲೆ ದಪ್ಪ ನೀಲಿ ಬಟ್ಟೆಯ ಅಂಗಿಯೊಂದು ಹರಡಿತ್ತು. ಜೇಬಿನ ಮೇಲೆ ಹಳದಿ ದಾರದಲ್ಲಿ ಭಾವನ ಅಂಗಡಿಯ ಹೆಸರು ಅರ್ಧ ಮುಗಿದಿತ್ತು.

"ಯಾರಿಗೆ ಇದು?" ಎಂದು ಕೇಳಿದರು, ಗೊತ್ತಿದ್ದೂ.

"ಅಣ್ಣ ಆರ್ಡರ್ ಕೊಟ್ಟ," ಎಂದರು ಟೈಲರಮ್ಮ, ತಲೆಯೆತ್ತದೆ. "ಕೌಂಟರಿನಲ್ಲಿ ಕೂರೋರಿಗೆ ಒಂದು ಅಂಗಿ ಹೊಲಿ ಅಂದ. ಹೊಲಿತಾ ಇದ್ದೀನಿ."

"ನೀನೂ."

"ಹೊಲಿಗೆ ನನ್ನ ಕೆಲಸ ರೀ. ನೀವು ನಿಮ್ಮ ಕೆಲಸ ನೋಡಿಕೊಳ್ಳಿ."

ಆಯುಷ್ಯದಲ್ಲಿ ಮೊದಲ ಬಾರಿಗೆ ಸಾಹೇಬರು ಕಣ್ಣೆದುರಿಗೆ ಬಿದ್ದ ವಸ್ತುವನ್ನು ಅಳೆಯದೆ, ತೂಗದೆ, ಮುಟ್ಟದೆ ಹೊರಟುಬಂದರು. ಬಾಲ್ಕನಿಯ ಬಾಗಿಲು ಹಾಕಿಕೊಂಡರು. ಅವರ ತಲೆಯೊಳಗೆ ಈಗ ತತ್ವವೂ ಇರಲಿಲ್ಲ, ತಕ್ಕಡಿಯೂ ಇರಲಿಲ್ಲ. ಕ್ಷೌರಿಕ ಕಮ್ಮಿ ಎಂದ, ಕಾರ್ಯದರ್ಶಿ ಕಮ್ಮಿ ಎಂದರು, ಟೀಚರ್ ಕಮ್ಮಿ ಎಂದರು. ಎಲ್ಲರ ಮಾತು ಕೇಳಿ ಕೊನೆಗೆ ಸಿಕ್ಕಿದ್ದು ನೀಲಿ ಅಂಗಿ. ಹಾಗಿದ್ದರೆ ಇನ್ನು ಯಾರ ಮಾತೂ ಬೇಡ. ತಮ್ಮ ಮಾತೂ ಬೇಡ. ಹಾಳಾಗುವುದಾದರೆ ಪೂರ್ತಿ ಹಾಳಾಗಲಿ ಎಂದು ತಿರುಪು ಹಿಡಿದು, ಇಷ್ಟು ದಿನ ಏರಿಸಿದ್ದ ಬಿಟ್ಟನ್ನು ಒಂದೇ ಸಮ ಕೆಳಕ್ಕೆ ಇಳಿಸಿದರು. ಮೊದಲ ದಿನ ಇದ್ದಲ್ಲಿಗಿಂತಲೂ ಆಳಕ್ಕೆ ಇಳಿಸಿದರು. ಇಳಿಸುವಾಗ ಡಾಕ್ಟರಮ್ಮನ ನೆನಪಾಯಿತು. ನೆನಪಾದದ್ದಕ್ಕೂ ಸಿಟ್ಟು ಬಂತು.

ರೂಟರ್ ಆರ್ಭಟಿಸಿತು. ಕೆಳಗಿನಿಂದ ಪೊರಕೆ ಎರಡು ಸಲ ಕುಟ್ಟಿತು.

ಕೊರೆದು ಮುಗಿಸಿ ಹಲಗೆಗಳನ್ನು ಕೂಡಿಸಲು ಹೋದರೆ ಅವು ಕೂರಲಿಲ್ಲ. ಸಾಹೇಬರು ಒತ್ತಿದರು. ಕೂರಲಿಲ್ಲ. ಮರದ ಸುತ್ತಿಗೆ ತೆಗೆದು ತಟ್ಟಿದರು. ಕೊಂಚ ಕೂತಿತು, ನಿಂತಿತು. ಇಷ್ಟು ದಿನ ಕೂತ ಮೂಲೆಗಳು ಏಳುತ್ತಿದ್ದವು, ಇದು ಕೂರಲೇ ಒಲ್ಲದು. ಸಾಹೇಬರ ಮುಖದಲ್ಲಿ ಒಂದು ಬೆಳಕು ಮೂಡಿತು. ಅವರು ಬಡಿದರು. ಒಂದು ಮೂಲೆ, ಎರಡು, ಮೂರು. ನಾಲ್ಕನೆಯದು ಟಪ್ಪೆಂದು ಕೂತಾಗ ಕೂದಲು ತೂರಲೂ ಸಂದಿರಲಿಲ್ಲ. ಎತ್ತಿ ಹಿಡಿದರು, ಅಲ್ಲಾಡಿಸಿದರು, ಗೋಡೆಗೆ ಒತ್ತಿದರು, ಕಾಲಿನಿಂದ ತುಳಿದರು. ಕಿರಿಕ್ ಎನ್ನಲಿಲ್ಲ. ಮುಖವೊರೆಸಿಕೊಂಡು, ಅದರ ಮೇಲೊಂದು ಬಟ್ಟೆ ಮುಚ್ಚಿ, ರಾಜಗಾಂಭೀರ್ಯದಿಂದ ಹೊರಗೆ ಬಂದರು. ಹೆಂಡತಿಯ ಕಡೆ ನೋಡಲಿಲ್ಲ.

ಭಾನುವಾರ ಭಾವ ಬಂದರು, ಟೀಚರ್ ಬಂದರು. ಕರೆಯದಿದ್ದರೂ ಕಾರ್ಯದರ್ಶಿ ಬಂದರು. ಮುಂದಿನ ಕೋಣೆಯಲ್ಲಿ ಊಟದ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಡ್ರಾಯರ್. ಸಾಹೇಬರು ಬಟ್ಟೆ ಸರಿಸಿದರು. ಎಲ್ಲರ ಕಣ್ಣೂ ಮೂಲೆಗಳ ಮೇಲೆ ಬಿತ್ತು. ಬಿಳಿ ಮರದಲ್ಲಿ ಸಾಲಾಗಿ ಕಚ್ಚಿಕೊಂಡ ಹಲ್ಲುಗಳು ಚಿತ್ರ ಬರೆದ ಹಾಗಿದ್ದವು. ಟೀಚರ್ ಕನ್ನಡಕ ಏರಿಸಿಕೊಂಡು, ಎರಡು ದೇಶದ ಗಡಿ ಇದ್ದ ಹಾಗಿದೆ ಎಂದರು.

ಭಾವ ಅಂಗಡಿಯವರ ರೀತಿಯಲ್ಲೇ ಶುರುಮಾಡಿದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ತಮ್ಮ ಬೀಗದ ಕೈಗಳ ಭಾರವಾದ ಗೊಂಚಲನ್ನು ಡ್ರಾಯರಿನೊಳಗೆ ಎಸೆದರು; ಠಣ್ ಎಂದು ಗಟ್ಟಿ ಸದ್ದು ಬಂತು. "ತಳ ಗಟ್ಟಿಯಾಗಿದೆ," ಎಂದು ಒಪ್ಪಿಕೊಂಡರು. ಆಮೇಲೆ ಎರಡೂ ಕೈಯಿಂದ ಡ್ರಾಯರನ್ನು ಹಿಡಿದು ಮೇಲಕ್ಕೆತ್ತಿದರು.

ಡ್ರಾಯರ್ ಮೇಲಕ್ಕೆ ಹೋಯಿತು. ಗೊಂಚಲು ಹೋಗಲಿಲ್ಲ.

ಅದು ಊಟದ ಮೇಜಿನ ಮೇಲೆಯೇ ಇತ್ತು. ಭಾವ ಡ್ರಾಯರನ್ನು ಮುಖದ ಮುಂದೆ ಹಿಡಿದಿದ್ದರು, ಅದರ ಚೌಕಟ್ಟಿನೊಳಗಿಂದ ಅವರ ಮುಖ ಗೋಡೆಗೆ ನೇತುಹಾಕಿದ ಫೋಟೋದಂತೆ ಕಾಣುತ್ತಿತ್ತು. ಒಳಮೈಯಲ್ಲಿ ಸುತ್ತಲೂ ತಳದ ಹಲಗೆ ಕೂರಲೆಂದು ಕೊರೆದ ಸಣ್ಣ ಕಾಲುವೆ ಅಚ್ಚುಕಟ್ಟಾಗಿತ್ತು. ಮೂಲೆ ಕೂಡಿಸುವ ಮೊದಲೇ ಅದಕ್ಕೆ ಸೇರಿಸಬೇಕಿದ್ದ ತಳದ ಹಲಗೆ, ಉಜ್ಜಿ ನುಣುಪು ಮಾಡಿದ್ದು, ಬಾಲ್ಕನಿಯ ಗೋಡೆಗೊರಗಿ ತನ್ನ ಸರದಿಗೆ ಕಾಯುತ್ತಿತ್ತು.

"ಸಾಹೇಬರೇ," ಎಂದರು ಭಾವ ಫೋಟೋದೊಳಗಿಂದ, "ಇದಕ್ಕೆ ತಳ ಇಲ್ಲ."

"ಕಾಣಿಸ್ತಿದೆ," ಎಂದರು ಸಾಹೇಬರು.

"ಬಿಚ್ಚಿ ತಳ ಹಾಕಿ."

"ನೀವೇ ಬಿಚ್ಚಿ."

ಭಾವ ಅಂಗಿಯ ತೋಳು ಮಡಚಿದರು. ಒಂದು ಬದಿ ಹಿಡಿದು ಎಳೆದರು. ಡ್ರಾಯರನ್ನು ಮೊಣಕಾಲಿನ ನಡುವೆ ಇಟ್ಟು ಎಳೆದರು. ಕಾರ್ಯದರ್ಶಿಯವರನ್ನು ಕರೆದು ಇನ್ನೊಂದು ಬದಿ ಹಿಡಿಸಿ, ಇಬ್ಬರೂ ಹಗ್ಗಜಗ್ಗಾಟದಂತೆ ಜಗ್ಗಿದರು. ಕಾರ್ಯದರ್ಶಿ ಬಾಗಿಲಿನ ತನಕ ಹೋಗಿ ಬಂದರೇ ಹೊರತು ಮೂಲೆ ಅಲುಗಲಿಲ್ಲ. ಟೀಚರ್ ಎದ್ದು ಇಬ್ಬರಿಗೂ ನೀರು ಕೊಟ್ಟರು. ಭಾವ ನೀರು ಕುಡಿದು, ಬೆವರು ಒರೆಸಿಕೊಂಡು ಮತ್ತೊಮ್ಮೆ ಹಿಡಿದವರು, ಅರ್ಧದಲ್ಲಿ ತಡೆದು ನಿಂತರು. ತಾವು ಏನು ಮಾಡುತ್ತಿದ್ದೇವೆ ಎಂಬುದು ಅವರಿಗೆ ಆಗ ಹೊಳೆದಿರಬೇಕು.

ಸಾಹೇಬರು ಕೈಕಟ್ಟಿ ನಿಂತಿದ್ದರು. "ಟೀಚರ್, ಪಂದ್ಯ ಏನಿತ್ತು?"

"ಮೂಲೆ ಬಿಟ್ಟುಕೊಳ್ಳಬಾರದು ಅಂತ," ಎಂದರು ಟೀಚರ್.

"ತಳದ ಮಾತು ಬಂದಿತ್ತಾ?"

"ನನ್ನ ಕಿವಿಗೆ ಬಿದ್ದಿಲ್ಲ."

ಭಾವ ಸೋಲುವವರಲ್ಲ. "ತಳ ಇಲ್ಲದ್ದನ್ನ ಡ್ರಾಯರ್ ಅಂತ ಯಾರಾದ್ರೂ ಅಂತಾರಾ? ನನ್ನ ತಂಗಿ ಕತ್ತರಿ ಎಲ್ಲಿ ಇಡಬೇಕು, ಮೂಲೆಯಲ್ಲಾ? ಸರಿ, ಒಂದು ಕೆಲಸ ಮಾಡಿ. ಕೆಳಗಿನಿಂದ ಒಂದು ಹಲಗೆ ಇಟ್ಟು ನಾಲ್ಕು ಮೊಳೆ ಹೊಡೀರಿ. ಗೆದ್ರಿ ಅಂತ ನಾನೇ ಒಪ್ಪಿಕೊಳ್ತೀನಿ."

ಸುಲಭದ ಗೆಲುವು, ಒಂದು ಸುತ್ತಿಗೆಯಷ್ಟು ದೂರದಲ್ಲಿತ್ತು. ಬೇರೆಯವರಾಗಿದ್ದರೆ ಹೊಡೆದು ಮುಗಿಸುತ್ತಿದ್ದರು.

"ಮೊಳೆ ಹೊಡೆಯಲ್ಲ," ಎಂದರು ಸಾಹೇಬರು.

"ಹಾಗಾದ್ರೆ ನಾಳೆ ಅಂಗಡಿಗೆ ಬನ್ನಿ."

"ಅದೂ ಇಲ್ಲ. ಕೂರಿಸೋದಾದ್ರೆ ಈ ಡ್ರಾಯರನ್ನ ಕೂರಿಸಿ ನಿಮ್ಮ ಕೌಂಟರಿನಲ್ಲಿ. ನನಗಿಂತ ಬಿಗಿಯಾಗಿ ಕೂರುತ್ತೆ."

ದನಿ ಜೋರಾಗಿತ್ತು. ಆದರೆ ಡ್ರಾಯರಿನ ಒಳಗಿನ ಖಾಲಿಯನ್ನು ನೋಡಿದಾಗ ಅವರ ಕಣ್ಣು ಕೆಳಗಾಯಿತು. ಎಷ್ಟೋ ಅಂಗಡಿಗಳಲ್ಲಿ ಒಂದು ಚೂರು ಕಮ್ಮಿಯಿದ್ದ ಅಳತೆಗೆ ಮುದ್ರೆ ಒತ್ತಲು ಒಪ್ಪದವರು ಅವರು. ಇಲ್ಲಿ ಕಮ್ಮಿಯಿದ್ದದ್ದು ಇಡೀ ತಳ. ಹೆಂಡತಿಯ ಬೆರಳಿಗೆ ಚುಚ್ಚಿದ ಸೂಜಿಗಳು ಅವರಿಗೆ ಒಂದೊಂದಾಗಿ ನೆನಪಾದವು. ಪಂದ್ಯ ಗೆದ್ದರೂ ಆಕೆಗೆ ಡ್ರಾಯರ್ ಸಿಕ್ಕಿರಲಿಲ್ಲ.

ಅಷ್ಟು ಹೊತ್ತೂ ಯಂತ್ರದ ಪಕ್ಕ ಕೂತಿದ್ದ ಟೈಲರಮ್ಮ ಎದ್ದರು. ಅಣ್ಣನ ಕೈಯಿಂದ ಡ್ರಾಯರ್ ಇಸಿದುಕೊಂಡು, ಒಳಗಿನ ಕಾಲುವೆಯೊಳಗೆ ಬೆರಳು ಓಡಿಸಿ ನೋಡಿದರು. ನೀಲಿ ಅಂಗಿಯಲ್ಲಿ ಮಿಕ್ಕಿದ್ದ ದಪ್ಪ ಬಟ್ಟೆಯ ತುಂಡನ್ನು ಎರಡು ಪದರ ಮಾಡಿ ಅಂಚಿಗೆ ಹೊಲಿಗೆ ಹಾಕಿದರು. ಅದನ್ನು ಡ್ರಾಯರಿನೊಳಗೆ ಹರಡಿ, ಅಂಚನ್ನು ಕಾಲುವೆಗೆ ತಳ್ಳಿ, ದಿಂಬಿನ ಅಂಚಿಗೆ ಹಾಕುವ ದಪ್ಪ ಹುರಿಯನ್ನು ಅದರ ಮೇಲಿಟ್ಟು, ಕತ್ತರಿಯ ಹಿಡಿಯಿಂದ ಒತ್ತುತ್ತಾ ಸುತ್ತಲೂ ಕೂರಿಸುತ್ತಾ ಬಂದರು. ಕಿಟಕಿಯ ಸೊಳ್ಳೆ ಪರದೆಯನ್ನು ಚೌಕಟ್ಟಿಗೆ ಬಿಗಿಯುವುದೂ ಹೀಗೆಯೇ. ಹುರಿ ಕಾಲುವೆಯೊಳಗೆ ಇಳಿದು ಬಟ್ಟೆ ತಮಟೆಯಂತೆ ಬಿಗಿದು ನಿಂತಿತು.

ಆಕೆ ಅದರಲ್ಲಿ ಕತ್ತರಿ ಇಟ್ಟರು, ದಾರದುಂಡೆಗಳನ್ನಿಟ್ಟರು, ಟೀಚರ್ ಬಣ್ಣಬಣ್ಣಕ್ಕೆ ಬೇರೆ ಮಾಡಿಟ್ಟಿದ್ದ ಗುಂಡಿಗಳನ್ನಿಟ್ಟರು. ಹೊಲಿಗೆಯ ಮೇಜಿಗೆ ತಂದು ತಳ್ಳಿದರು. ಡ್ರಾಯರ್ ಸುಮ್ಮನೆ ಒಳಗೆ ಹೋಯಿತು. ಎಳೆದರು, ಬಂತು.

"ಹಳೇದರಲ್ಲಿ ಕತ್ತರಿ ಗಡಗಡ ಅಂತಿತ್ತು," ಎಂದರು. "ಇದರಲ್ಲಿ ಸದ್ದೇ ಇಲ್ಲ. ಮೊಳೆ ಇಲ್ಲ, ಅಂಟೂ ಇಲ್ಲ. ಅಣ್ಣಾ, ಇನ್ನೇನು ನೋಡಬೇಕು?"

ಅಣ್ಣ ಮೇಜಿನ ಮೇಲಿದ್ದ ತಮ್ಮ ಗೊಂಚಲನ್ನು ಜೇಬಿಗೆ ಹಾಕಿಕೊಂಡರು.

"ಇರು, ನಿನ್ನ ಆರ್ಡರ್ ತಗೊಂಡು ಹೋಗು," ಎಂದು ಟೈಲರಮ್ಮ ನೀಲಿ ಅಂಗಿಯನ್ನು ಕೊಟ್ಟರು. ಭಾವ ಅದನ್ನು ಬಿಡಿಸಿ ಹಿಡಿದರು. ಸಾಹೇಬರೂ ಈಗ ಮೊದಲ ಬಾರಿಗೆ ಅದನ್ನು ಸರಿಯಾಗಿ ನೋಡಿದರು. ಅವರ ಕಣ್ಣು ತಾನಾಗಿಯೇ ಅಳೆಯಿತು. ಅದರೊಳಗೆ ಅವರಂಥವರು ಇಬ್ಬರು ಆರಾಮಾಗಿ ವಾಸ ಮಾಡಬಹುದಿತ್ತು.

"ಇದು ನನ್ನ ಅಳತೆ," ಎಂದರು ಭಾವ.

"ಕೌಂಟರಿನಲ್ಲಿ ಕೂರೋರಿಗೆ ಅಂತ ತಾನೇ ನೀನು ಹೇಳಿದ್ದು?" ಎಂದರು ತಂಗಿ. "ಇಷ್ಟು ವರ್ಷ ಅಲ್ಲಿ ಕೂತಿರೋದು ನೀನೇ. ಮುಂದೂ ನೀನೇ. ನನಗೆ ಬಟ್ಟೆ ಕತ್ತರಿಸುವಾಗಲೇ ಗೊತ್ತಿತ್ತು."

ಸಾಹೇಬರು ಡ್ರಾಯರನ್ನು ಒಮ್ಮೆ ಎಳೆದು, ಕೆಳಗೆ ಕೈಕೊಟ್ಟು ತೂಗಿ ನೋಡಿ, ಮೆಲ್ಲಗೆ ತಳ್ಳಿದರು. ಟೀಚರ್ ಕಿಟಕಿಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ ಮಡಚಿಟ್ಟು, ತಮ್ಮ ರವಿಕೆ ಯಾವಾಗ ಎಂದು ಕೇಳಿದರು.

ಭಾವ ಬಾಗಿಲಿನ ತನಕ ಹೋದರು. ಚಪ್ಪಲಿ ಮೆಟ್ಟಿದರು. ಒಂದು ಕಾಲು ಹೊಸ್ತಿಲಾಚೆ ಇಟ್ಟು, ಅಂಗಿಯನ್ನು ಕಂಕುಳಲ್ಲಿ ಅವುಚಿಕೊಂಡು, ಮೆಟ್ಟಿಲ ಕಡೆಗೆ ಮುಖ ಮಾಡಿಯೇ ನಿಂತರು.

"ಅಲ್ಲ ಸಾಹೇಬರೇ," ಎಂದರು, "ನನ್ನ ಕೌಂಟರಿನ ಡ್ರಾಯರೂ ಈಚೆಗೆ ಸ್ವಲ್ಪ ಸಡಿಲ ಆಗಿದೆ."

ಸಾಹೇಬರು ಎದೆ ಸೆಟೆಸಿ ನಿಂತು, ತಕ್ಕಡಿ ಹಿಡಿದ ದಿನಗಳ ದನಿಯಲ್ಲಿ ಕೇಳಿದರು:

"ತಳ ಬೇಕಾ, ಬೇಡವಾ?"